ಯೂರಿಕ್ ಆ್ಯಸಿಡ್ ಜಾಸ್ತಿ ಬಂದಿದೆಯೇ? ಹೃದಯದ ಲೆಕ್ಕ ನೋಡುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಹೆಲ್ತ್ ಚೆಕಪ್ ರಿಪೋರ್ಟ್ ಕೈಗೆ ಬಂದರೆ ಕಣ್ಣು ಮೊದಲು ಹೋಗುವುದು ದಪ್ಪ ಅಕ್ಷರದ ಸಾಲುಗಳ ಕಡೆಗೆ. ಅಲ್ಲಿ ಯೂರಿಕ್ ಆ್ಯಸಿಡ್ 7.6 ಅಂತ ಇದ್ದರೆ ಮುಂದಿನ ಕಥೆ ಎಲ್ಲರಿಗೂ ಗೊತ್ತು. ಮನೆಯಲ್ಲಿ ಒಬ್ಬರು ಬೇಳೆ ಬಿಡು ಅನ್ನುತ್ತಾರೆ, ಇನ್ನೊಬ್ಬರು ಟೊಮೆಟೊ, ಪಾಲಕ್ ಬಿಡು ಅನ್ನುತ್ತಾರೆ. ಯಾರೋ ಹೇಳಿದ, ಯೂರಿಕ್ ಆ್ಯಸಿಡ್ ಇಳಿಸುವ ಫೆಬುಕ್ಸೊಸ್ಟಾಟ್ ಮಾತ್ರೆ ಶುರುವಾಗುತ್ತದೆ. ಮೂರು ತಿಂಗಳಿಗೆ ಸಂಖ್ಯೆ 5.2ಕ್ಕೆ ಇಳಿಯುತ್ತದೆ, ಎಲ್ಲರಿಗೂ ಸಮಾಧಾನ. ಅದೇ ರಿಪೋರ್ಟಿನ ಎರಡನೇ ಪುಟದಲ್ಲಿದ್ದ ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟ್ರಾಲ್, 162 ಮಾತ್ರ ಹಾಗೇ ಉಳಿದಿರುತ್ತದೆ.

ಈ ಮಾರ್ಗದರ್ಶಿ ಆ ಎರಡನೇ ಪುಟಕ್ಕಾಗಿ. ಯೂರಿಕ್ ಆ್ಯಸಿಡ್ ಜಾಸ್ತಿ ಇರುವವರಲ್ಲಿ ಹೃದಯದ ಕಾಯಿಲೆಯೂ ಜಾಸ್ತಿ ಅನ್ನುವುದು ನಿಜ. ಆದರೆ ಯೂರಿಕ್ ಆ್ಯಸಿಡ್ ಇಳಿಸಿದರೆ ಹೃದಯ ಉಳಿಯುತ್ತದೆ ಅನ್ನುವುದಕ್ಕೆ ಇವತ್ತಿನವರೆಗೆ ಗಟ್ಟಿ ಸಾಕ್ಷಿ ಸಿಕ್ಕಿಲ್ಲ. ಈ ಎರಡು ಮಾತುಗಳ ನಡುವೆ ನಾವು ಏನು ಮಾಡಬೇಕು ಅನ್ನುವುದೇ ವಿಷಯ. ಒಂದು ಎಚ್ಚರಿಕೆ ಮೊದಲೇ ಹೇಳಿಬಿಡುತ್ತೇನೆ: ಇದನ್ನು ಓದಿ ಯಾವ ಮಾತ್ರೆಯನ್ನೂ ನೀವಾಗಿ ನಿಲ್ಲಿಸಬೇಡಿ, ನೀವಾಗಿ ಶುರು ಮಾಡಲೂ ಬೇಡಿ. ಡಾಕ್ಟರ ಮುಂದೆ ಕೂತಾಗ ಏನು ಕೇಳಬೇಕು ಅಂತ ಗೊತ್ತಾದರೆ ಸಾಕು.

ಹಂತ 1: ಸಂಖ್ಯೆಯನ್ನು ಸರಿಯಾಗಿ ಓದಿ

ನಮ್ಮ ದೇಶದ ಲ್ಯಾಬ್‌ಗಳು ಯೂರಿಕ್ ಆ್ಯಸಿಡ್ ಅನ್ನು ಮಿಲಿಗ್ರಾಂ ಪ್ರತಿ ಡೆಸಿಲೀಟರ್ ಲೆಕ್ಕದಲ್ಲಿ ಕೊಡುತ್ತವೆ. ಗಂಡಸರಿಗೆ ಸುಮಾರು 3.4ರಿಂದ 7.0, ಹೆಂಗಸರಿಗೆ ಸುಮಾರು 2.4ರಿಂದ 6.0 ಸಾಮಾನ್ಯ. ಲ್ಯಾಬ್‌ನಿಂದ ಲ್ಯಾಬ್‌ಗೆ ಸ್ವಲ್ಪ ಆಚೀಚೆ ಆಗುತ್ತದೆ. ಹೊರದೇಶದಲ್ಲಿರುವವರ ರಿಪೋರ್ಟಿನಲ್ಲಿ 420, 450 ಥರದ ಸಂಖ್ಯೆ ಕಂಡರೆ ಗಾಬರಿ ಬೇಡ, ಅದು ಮೈಕ್ರೋಮೋಲ್ ಲೆಕ್ಕ. 59.5ರಿಂದ ಭಾಗಿಸಿದರೆ ನಮ್ಮ ಲೆಕ್ಕಕ್ಕೆ ಬರುತ್ತದೆ. 420 ಅಂದರೆ ಸುಮಾರು 7, 360 ಅಂದರೆ ಸುಮಾರು 6.

6.8 ಅನ್ನುವ ಸಂಖ್ಯೆ ನೆನಪಿಟ್ಟುಕೊಳ್ಳಿ. ಮೈಯ ಬಿಸಿಯಲ್ಲಿ ರಕ್ತದೊಳಗೆ ಕರಗಿಕೊಂಡು ಇರಬಲ್ಲ ಯೂರಿಕ್ ಆ್ಯಸಿಡ್‌ಗೆ ಹೆಚ್ಚು ಕಡಿಮೆ ಅದೇ ಮಿತಿ. ಅದನ್ನು ದಾಟಿದರೆ ಕೀಲುಗಳಲ್ಲಿ ಸೂಜಿಯಂಥ ಹರಳು ಕಟ್ಟುವ ಸಾಧ್ಯತೆ ಶುರುವಾಗುತ್ತದೆ. ಸಾಧ್ಯತೆ ಅಷ್ಟೇ. 7.5 ಇಟ್ಟುಕೊಂಡು ಜೀವನವಿಡೀ ಒಂದು ದಿನವೂ ಕಾಲು ನೋಯದವರು ಬೇಕಾದಷ್ಟು ಜನ ಇದ್ದಾರೆ.

ಒಂದೇ ಟೆಸ್ಟ್ ನೋಡಿ ತೀರ್ಮಾನಕ್ಕೆ ಬರಬೇಡಿ. ಹಿಂದಿನ ರಾತ್ರಿ ಬಾಡೂಟ ಮತ್ತು ಬಿಯರ್, ಸರಿಯಾಗಿ ನೀರು ಕುಡಿಯದ ಪ್ರಯಾಣ, ಜಿಮ್‌ನಲ್ಲಿ ಮೈಮುರಿಯುವ ಕಸರತ್ತು, ಒಂದೆರಡು ದಿನದ ನಿಟ್ಟುಪವಾಸ, ಇವೆಲ್ಲ ಸಂಖ್ಯೆಯನ್ನು ಮೇಲೆತ್ತುತ್ತವೆ. ಉಪವಾಸದಲ್ಲಿ ಮೈ ಕೊಬ್ಬು ಕರಗಿಸುವಾಗ ಹುಟ್ಟುವ ಕೀಟೋನ್‌ಗಳು ಕಿಡ್ನಿಯಿಂದ ಯೂರಿಕ್ ಆ್ಯಸಿಡ್ ಹೊರಹೋಗದ ಹಾಗೆ ಅಡ್ಡ ನಿಲ್ಲುತ್ತವೆ. ಕೀಟೋ ಡಯಟ್ ಶುರು ಮಾಡಿದವರಲ್ಲೂ ಹೀಗೇ ಆಗುತ್ತದೆ. ಹಾಗಾಗಿ ಎರಡರಿಂದ ನಾಲ್ಕು ವಾರ ಬಿಟ್ಟು, ಅದೇ ಲ್ಯಾಬ್‌ನಲ್ಲಿ, ಮಾಮೂಲಿ ಊಟದ ದಿನಗಳಲ್ಲಿ ಇನ್ನೊಮ್ಮೆ ಮಾಡಿಸಿ.

ಗೌಟ್ (ಈ ಹರಳಿನಿಂದ ಕೀಲು ಊದಿ ನೋಯುವ ಕಾಯಿಲೆ) ಇರುವವರಿಗೆ ಇದರ ಉಲ್ಟಾ ಮೋಸವೂ ಆಗುತ್ತದೆ. ಹೆಬ್ಬೆರಳು ಊದಿ ಕೆಂಪಗಾಗಿರುವ ದಿನವೇ ಟೆಸ್ಟ್ ಮಾಡಿಸಿದರೆ ಯೂರಿಕ್ ಆ್ಯಸಿಡ್ ನಾರ್ಮಲ್ ಬರಬಹುದು. ನೋವು ಇಳಿದು ಎರಡು ವಾರ ಕಳೆದ ಮೇಲೆ ಬರುವ ಸಂಖ್ಯೆಯೇ ನಂಬಬೇಕಾದ್ದು.

ಹಂತ 2: ಯಾಕೆ ಏರಿತು ಅಂತ ಹುಡುಕಿ

ಯೂರಿಕ್ ಆ್ಯಸಿಡ್ ಅಂದರೆ ಪ್ಯೂರಿನ್ ಅನ್ನುವ ವಸ್ತು ಒಡೆದಾಗ ಉಳಿಯುವ ಕಸ. ಆ ಪ್ಯೂರಿನ್‌ನ ಮೂರನೇ ಎರಡು ಭಾಗ ನಮ್ಮದೇ ಜೀವಕೋಶಗಳಿಂದ ಬರುತ್ತದೆ, ಊಟದಿಂದ ಬರುವುದು ಉಳಿದದ್ದು ಮಾತ್ರ. ಮನೆಯ ಓವರ್‌ಹೆಡ್ ಟ್ಯಾಂಕ್ ನೆನಪಿಸಿಕೊಳ್ಳಿ. ನೀರು ತುಂಬಿ ಹರಿಯುತ್ತಿದ್ದರೆ ಎಲ್ಲರೂ ನಲ್ಲಿಯನ್ನೇ ಬೈಯುತ್ತಾರೆ, ಆದರೆ ಬಹುಪಾಲು ಮನೆಗಳಲ್ಲಿ ಕಟ್ಟಿಕೊಂಡಿರುವುದು ಕೆಳಗಿನ ಪೈಪು. ಯೂರಿಕ್ ಆ್ಯಸಿಡ್ ಜಾಸ್ತಿ ಇರುವ ಹೆಚ್ಚಿನವರಲ್ಲಿ ತೊಂದರೆ ಇರುವುದು ಹೊರಹಾಕುವುದರಲ್ಲೇ, ಅಂದರೆ ಕಿಡ್ನಿಯಲ್ಲಿ.

ಕಿಡ್ನಿ ಯಾಕೆ ಹೊರಹಾಕುತ್ತಿಲ್ಲ? ಹೃದಯದ ಕಥೆ ಸೇರಿಕೊಳ್ಳುವುದು ಇಲ್ಲೇ. ಹೊಟ್ಟೆಯ ಬೊಜ್ಜು ಬೆಳೆದು ಇನ್ಸುಲಿನ್ ಮಾತು ಮೈ ಕೇಳದೇ ಹೋದಾಗ ರಕ್ತದಲ್ಲಿ ಇನ್ಸುಲಿನ್ ಏರುತ್ತದೆ. ಏರಿದ ಇನ್ಸುಲಿನ್ ಕಿಡ್ನಿಗೆ ಉಪ್ಪನ್ನೂ ಯೂರಿಕ್ ಆ್ಯಸಿಡ್ಅನ್ನೂ ಹಿಡಿದಿಟ್ಟುಕೋ ಅನ್ನುತ್ತದೆ. ಅದೇ ಇನ್ಸುಲಿನ್ ಗೊಂದಲವೇ ಬಿಪಿ, ಶುಗರ್, ಟ್ರೈಗ್ಲಿಸರೈಡ್ (ರಕ್ತದಲ್ಲಿನ ಒಂದು ಬಗೆಯ ಕೊಬ್ಬು) ಮೂರನ್ನೂ ಮೇಲೆ ತರುತ್ತದೆ. ಹೃದಯದ ರಕ್ತನಾಳ ಹಾಳು ಮಾಡುವುದು ಈ ಗುಂಪು. ಯೂರಿಕ್ ಆ್ಯಸಿಡ್ ಈ ಗುಂಪಿನ ಜೊತೆಯಲ್ಲೇ ಓಡಾಡುತ್ತದೆ, ಹಾಗಾಗಿ ಅದರ ಮೇಲೂ ಅನುಮಾನ ಬಂದಿದೆ.

ಇನ್ನೊಂದು ಕಾರಣ ನಿಮ್ಮ ಮಾತ್ರೆ ಡಬ್ಬಿಯಲ್ಲೇ ಇರಬಹುದು. ಬಿಪಿ ಮಾತ್ರೆಯ ಸ್ಟ್ರಿಪ್ ಕೈಗೆತ್ತಿಕೊಂಡು ಹೆಸರಿನ ಕೊನೆ ನೋಡಿ. ಅಲ್ಲಿ ‘ಎಚ್’ ಅಂತ ಇದ್ದರೆ ಸಾಮಾನ್ಯವಾಗಿ ಅದರಲ್ಲಿ ಹೈಡ್ರೋಕ್ಲೋರೋಥಯಾಜೈಡ್ ಸೇರಿದೆ ಅಂತ ಅರ್ಥ. ಇದು, ಕ್ಲೋರ್ಥಾಲಿಡೋನ್, ಹೃದಯ ದುರ್ಬಲವಾದವರಿಗೆ ಕೊಡುವ ಫ್ಯೂರೋಸಮೈಡ್, ಎಲ್ಲವೂ ಮೂತ್ರ ಜಾಸ್ತಿ ಮಾಡಿಸುವ ಮಾತ್ರೆಗಳು, ಎಲ್ಲವೂ ಯೂರಿಕ್ ಆ್ಯಸಿಡ್ ಏರಿಸುತ್ತವೆ. ಸ್ಟೆಂಟ್ ಹಾಕಿಸಿಕೊಂಡವರು ತೆಗೆದುಕೊಳ್ಳುವ 75 ಮಿಲಿಗ್ರಾಂ ಆಸ್ಪಿರಿನ್ ಸ್ವಲ್ಪ ಏರಿಸುತ್ತದೆ, ರಕ್ತ ಹೆಪ್ಪುಗಟ್ಟದಂತೆ ಕೊಡುವ ಟಿಕಾಗ್ರೆಲರ್ ಕೂಡ. ಟಿಬಿಗೆ ಕೊಡುವ ಪೈರಾಜಿನಮೈಡ್ ಅಂತೂ ತುಂಬಾ ಏರಿಸುತ್ತದೆ.

ಸ್ಟೆಂಟ್ ಇರುವವರು ಇದನ್ನು ಎರಡು ಸಲ ಓದಿ: ಯೂರಿಕ್ ಆ್ಯಸಿಡ್ ಏರಿದೆ ಅಂತ ಆಸ್ಪಿರಿನ್ ಅಥವಾ ಟಿಕಾಗ್ರೆಲರ್ ನಿಲ್ಲಿಸುವುದು ಜೀವಕ್ಕೇ ಅಪಾಯ. ಸ್ಟೆಂಟ್ ಒಳಗೆ ರಕ್ತ ಹೆಪ್ಪುಗಟ್ಟಿ ಹಾರ್ಟ್ ಅಟ್ಯಾಕ್ ಆಗಬಹುದು. ಅದರ ಮುಂದೆ 7.6 ಏನೂ ಅಲ್ಲ.

ಬಿಪಿ ಮಾತ್ರೆಯ ವಿಷಯದಲ್ಲಿ ಮಾತ್ರ ಡಾಕ್ಟರ ಹತ್ತಿರ ಮಾತಾಡಲು ಜಾಗ ಇದೆ. ಲೊಸಾರ್ಟಾನ್ ಬಿಪಿಯ ಜೊತೆ ಯೂರಿಕ್ ಆ್ಯಸಿಡ್ಅನ್ನೂ ಸ್ವಲ್ಪ ಇಳಿಸುತ್ತದೆ. ಅದೇ ಬಳಗದ ಬೇರೆ ಮಾತ್ರೆಗಳಲ್ಲಿ ಈ ಗುಣ ಸಾಮಾನ್ಯವಾಗಿ ಇಲ್ಲ. ಶುಗರ್‌ಗೂ ಹಾರ್ಟ್ ಫೇಲ್ಯೂರ್‌ಗೂ ಕೊಡುವ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಕೂಡ ಇಳಿಸುತ್ತವೆ. ‘ನನ್ನ ಬಿಪಿಗೆ ಎಚ್ ಇಲ್ಲದ ಮಾತ್ರೆ ಸಾಕಾಗುತ್ತದೆಯೇ?’ ಅಂತ ಕೇಳುವುದರಲ್ಲಿ ತಪ್ಪೇನಿಲ್ಲ, ಅಲ್ವಾ?

ಹೆಂಗಸರಿಗೆ ಒಂದು ಮಾತು. ಮುಟ್ಟು ನಿಲ್ಲುವವರೆಗೆ ಈಸ್ಟ್ರೋಜನ್ ಯೂರಿಕ್ ಆ್ಯಸಿಡ್ ಹೊರಹಾಕಲು ಸಹಾಯ ಮಾಡುತ್ತದೆ, ಆಮೇಲೆ ಸಂಖ್ಯೆ ಏರುತ್ತದೆ. ಹೃದಯದ ಕಾಯಿಲೆಯ ಜೊತೆ ಯೂರಿಕ್ ಆ್ಯಸಿಡ್‌ನ ನಂಟು ಗಂಡಸರಿಗಿಂತ ಹೆಂಗಸರಲ್ಲೇ ಗಟ್ಟಿ ಅಂತ ಹಲವು ಅಧ್ಯಯನಗಳಲ್ಲಿ ಕಂಡಿದೆ. ಐವತ್ತು ದಾಟಿದ ಅಮ್ಮನ ರಿಪೋರ್ಟಿನಲ್ಲಿ 6.8 ಬಂದರೆ ‘ವಯಸ್ಸಾಯಿತಲ್ಲ’ ಅಂತ ಸುಮ್ನೆ ಪಕ್ಕಕ್ಕಿಡಬೇಡಿ.

ಹಂತ 3: ಹೃದಯದ ನಿಜವಾದ ಲೆಕ್ಕ ತೆಗೆಯಿರಿ

ಇದೇ ಮುಖ್ಯ ಹಂತ. ಯೂರಿಕ್ ಆ್ಯಸಿಡ್ ಜಾಸ್ತಿ ಬಂದ ವಾರವೇ ಒಂದು ನೋಟ್‌ಬುಕ್ ತೆಗೆದು ಇವನ್ನು ಬರೆದಿಡಿ.

ಬಿಪಿ: ಐದು ನಿಮಿಷ ಸುಮ್ಮನೆ ಕೂತು, ಕಾಲು ಮಡಚದೆ, ಕೈಯನ್ನು ಎದೆಯ ಮಟ್ಟಕ್ಕೆ ಇಟ್ಟು, ಒಂದು ವಾರ ಬೆಳಿಗ್ಗೆ ಸಂಜೆ ನೋಡಿ. ಮನೆಯಲ್ಲಿ ನೋಡಿದ ಸರಾಸರಿ 135/85 ದಾಟುತ್ತಿದ್ದರೆ ಅದು ಬಿಪಿಯೇ, ‘ಟೆನ್ಶನ್‌ನಿಂದ ಬಂದಿದ್ದು’ ಅಲ್ಲ.

ಸೊಂಟದ ಸುತ್ತಳತೆ: ಟೇಪನ್ನು ಹೊಕ್ಕುಳ ಹತ್ತಿರ ಸುತ್ತಿ, ಹೊಟ್ಟೆ ಒಳಗೆಳೆದುಕೊಳ್ಳದೆ ಅಳೆಯಿರಿ. ನಮ್ಮಂಥ ದಕ್ಷಿಣ ಏಷ್ಯಾದವರಿಗೆ ಗಂಡಸರಲ್ಲಿ 90 ಸೆಂಟಿಮೀಟರ್, ಹೆಂಗಸರಲ್ಲಿ 80 ಸೆಂಟಿಮೀಟರ್ ಮಿತಿ. ಪ್ಯಾಂಟಿನ ಸೈಜ್ ನಂಬಬೇಡಿ, ಬಹಳ ಜನ ಅದನ್ನು ಹೊಟ್ಟೆಯ ಕೆಳಗೆ ಹಾಕಿಕೊಳ್ಳುತ್ತಾರೆ.

ರಕ್ತ ಪರೀಕ್ಷೆ: ಲಿಪಿಡ್ ಪ್ರೊಫೈಲ್ (ಕೊಲೆಸ್ಟ್ರಾಲ್ ಟೆಸ್ಟ್), ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್), ಕ್ರಿಯಾಟಿನಿನ್ ಮತ್ತು ಅದರಿಂದ ಲೆಕ್ಕ ಹಾಕುವ ಇಜಿಎಫ್‌ಆರ್ (ಕಿಡ್ನಿ ಎಷ್ಟು ಚೆನ್ನಾಗಿ ಸೋಸುತ್ತಿದೆ ಅನ್ನುವ ಅಂಕಿ). ಎಚ್‌ಬಿಎ1ಸಿ 5.7 ದಾಟಿದ್ದರೆ ಶುಗರ್‌ನ ಹೊಸ್ತಿಲು, 6.5 ಅಂದರೆ ಶುಗರ್. ಇಜಿಎಫ್‌ಆರ್ 60ಕ್ಕಿಂತ ಕಡಿಮೆ ಇದ್ದರೆ ಕಿಡ್ನಿಯ ಕಡೆ ಗಮನ ಬೇಕು. ಜೊತೆಗೆ ಮೂತ್ರದಲ್ಲಿ ಆಲ್ಬುಮಿನ್ ಅನ್ನುವ ಪ್ರೋಟೀನ್ ಹೋಗುತ್ತಿದೆಯೇ ನೋಡಿಸಿ. ಇದು ದುಬಾರಿ ಟೆಸ್ಟ್ ಅಲ್ಲ, ಆದರೂ ಬಹಳ ಪ್ಯಾಕೇಜ್‌ಗಳಲ್ಲಿ ಇರುವುದಿಲ್ಲ. ಕಿಡ್ನಿಗೂ ಹೃದಯಕ್ಕೂ ಮುಂಚೆಯೇ ಸುಳಿವು ಕೊಡುವ ಟೆಸ್ಟ್ ಇದು.

ಬೀಡಿ, ಸಿಗರೇಟು, ಮನೆಯಲ್ಲಿ ಗಂಡಸರಿಗೆ 55, ಹೆಂಗಸರಿಗೆ 65 ತುಂಬುವ ಮೊದಲೇ ಹಾರ್ಟ್ ಅಟ್ಯಾಕ್ ಆದ ಇತಿಹಾಸ, ರಾತ್ರಿ ಜೋರು ಗೊರಕೆ ಮತ್ತು ಹಗಲು ತೂಕಡಿಕೆ, ಇವನ್ನೂ ಬರೆಯಿರಿ.

ಒಂದು ಉದಾಹರಣೆ ಹೀಗಿರಬಹುದು. 52 ವರ್ಷದ ಗಂಡಸು, ಯೂರಿಕ್ ಆ್ಯಸಿಡ್ 7.8, ಕಾಲು ನೋವಿಲ್ಲ. ಬಿಪಿ 148/92, ಸೊಂಟ 98, ಟ್ರೈಗ್ಲಿಸರೈಡ್ 240, ಎಚ್‌ಬಿಎ1ಸಿ 6.3, ದಿನಕ್ಕೆ ಐದು ಸಿಗರೇಟು. ಈತ ಫೆಬುಕ್ಸೊಸ್ಟಾಟ್ ತೆಗೆದುಕೊಂಡು ಯೂರಿಕ್ ಆ್ಯಸಿಡ್ 5ಕ್ಕೆ ತಂದರೆ ಹೃದಯದ ಅಪಾಯದಲ್ಲಿ ಏನು ಬದಲಾಯಿತು? ಹೆಚ್ಚೇನಿಲ್ಲ. ಸಿಗರೇಟು ಬಿಟ್ಟು, ಬಿಪಿ ಹಿಡಿತಕ್ಕೆ ತಂದು, ಕೊಲೆಸ್ಟ್ರಾಲ್‌ಗೆ ಸ್ಟಾಟಿನ್ ಬೇಕೇ ಅಂತ ಕೇಳಿ, ಆರು ಕಿಲೋ ಇಳಿಸಿದರೆ? ಅಪಾಯ ನಿಜವಾಗಿ ಇಳಿಯುತ್ತದೆ, ಯೂರಿಕ್ ಆ್ಯಸಿಡ್ ಕೂಡ ಜೊತೆಗೇ ಇಳಿಯುವ ಸಾಧ್ಯತೆ ಇದೆ.

ಹಂತ 4: ಮಾತ್ರೆ ಯಾರಿಗೆ ಬೇಕು, ಯಾರಿಗೆ ಬೇಡ

ಇದರ ಬಗ್ಗೆ ವಿಜ್ಞಾನಿಗಳ ಜಗಳ ಹಳೆಯದು. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಅಧ್ಯಯನದ ತಂಡ 1999ರಲ್ಲಿ ಹೇಳಿದ್ದು, ಬಿಪಿ, ಮೂತ್ರದ ಮಾತ್ರೆ ಮುಂತಾದವನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಯೂರಿಕ್ ಆ್ಯಸಿಡ್ ಹೃದಯದ ಕಾಯಿಲೆಗೆ ಕಾರಣ ಅಂತ ಕಾಣುವುದಿಲ್ಲ ಅಂತ. ಅದಾದ ಮರುವರ್ಷವೇ ಅಮೆರಿಕದ ಇನ್ನೊಂದು ದೊಡ್ಡ ಸಮೀಕ್ಷೆಯ ಲೆಕ್ಕ, ಇಲ್ಲ, ನಂಟು ಇದೆ ಅಂದಿತು. ಜಗಳ ಬಗೆಹರಿಸಲು ಇರುವ ದಾರಿ ಒಂದೇ: ಮಾತ್ರೆ ಕೊಟ್ಟು ನೋಡುವುದು.

ಬ್ರಿಟನ್‌ನಲ್ಲಿ ಅದನ್ನೇ ಮಾಡಿದರು. ಆಲ್-ಹಾರ್ಟ್ ಅನ್ನುವ ಪ್ರಯೋಗದಲ್ಲಿ 60 ದಾಟಿದ, ಹೃದಯದ ರಕ್ತನಾಳದ ಕಾಯಿಲೆ ಇರುವ, ಆದರೆ ಗೌಟ್ ಇಲ್ಲದ 5,700ಕ್ಕೂ ಹೆಚ್ಚು ಜನ. ಅರ್ಧ ಜನಕ್ಕೆ ಮಾಮೂಲಿ ಔಷಧಿಯ ಜೊತೆ ಯೂರಿಕ್ ಆ್ಯಸಿಡ್ ಇಳಿಸುವ ಅಲೋಪ್ಯೂರಿನಾಲ್ ದಿನಕ್ಕೆ 600 ಮಿಲಿಗ್ರಾಂವರೆಗೆ, ಉಳಿದವರಿಗೆ ಬರೀ ಮಾಮೂಲಿ ಔಷಧಿ. 2022ರಲ್ಲಿ ಫಲಿತಾಂಶ ಬಂತು. ಸರಾಸರಿ ಐದು ವರ್ಷದ ಹತ್ತಿರ ಹತ್ತಿರ ಗಮನಿಸಿದ ಮೇಲೆ ಹಾರ್ಟ್ ಅಟ್ಯಾಕ್, ಸ್ಟ್ರೋಕ್, ಹೃದಯ ಸಂಬಂಧಿ ಸಾವು ಎರಡೂ ಗುಂಪಿನಲ್ಲಿ ನೂರಕ್ಕೆ ಸುಮಾರು 11 ಜನಕ್ಕೆ. ವ್ಯತ್ಯಾಸವೇ ಇಲ್ಲ.

ಹಾಗಾಗಿ ನೋವಿಲ್ಲ, ಗೌಟ್ ಇಲ್ಲ, ಕಿಡ್ನಿಯಲ್ಲಿ ಕಲ್ಲಿಲ್ಲ, ಬರೀ ಸಂಖ್ಯೆ 7.5 ಇದೆ ಅಂದರೆ ಮಾತ್ರೆ ಬೇಡ ಅನ್ನುವ ಕಡೆಗೇ ಅಮೆರಿಕದ ಕೀಲುರೋಗ ತಜ್ಞರ ಸಂಘದ 2020ರ ಮಾರ್ಗಸೂಚಿಯೂ ವಾಲುತ್ತದೆ. ನಮ್ಮಲ್ಲಿ ಮಾತ್ರ ಈ ಮಾತ್ರೆಯನ್ನು ಕೊಡುವವರೂ ಧಾರಾಳ, ಕೇಳಿ ತೆಗೆದುಕೊಳ್ಳುವವರೂ ಧಾರಾಳ. ಹಿಮ್ಮಡಿ ನೋವಿಗೂ ಯೂರಿಕ್ ಆ್ಯಸಿಡ್ ಮಾತ್ರೆ ನುಂಗುತ್ತಾರೆ. ಬೆಳಿಗ್ಗೆ ಎದ್ದ ಕೂಡಲೇ ಮೊದಲ ನಾಲ್ಕು ಹೆಜ್ಜೆಗೆ ಚುಚ್ಚಿ ಆಮೇಲೆ ಕಡಿಮೆಯಾಗುವ ಹಿಮ್ಮಡಿ ನೋವು ಬಹುತೇಕ ಪಾದದಡಿಯ ಪಟ್ಟಿಯ ಊತ, ಯೂರಿಕ್ ಆ್ಯಸಿಡ್ ಅಲ್ಲ.

ಮಾತ್ರೆ ಬೇಕಾಗುವುದು ಮುಖ್ಯವಾಗಿ ಇವರಿಗೆ: ವರ್ಷಕ್ಕೆ ಎರಡು ಅಥವಾ ಹೆಚ್ಚು ಸಲ ಗೌಟ್ ಬರುವವರು, ಚರ್ಮದಡಿ ಗಂಟು ಕಟ್ಟಿರುವವರು, ಗೌಟ್‌ನಿಂದ ಕೀಲು ಸವೆದಿರುವುದು ಎಕ್ಸ್‌ರೇಯಲ್ಲಿ ಕಂಡವರು. ಗೌಟ್ ಜೊತೆ ಕಿಡ್ನಿ ಕಾಯಿಲೆ ಅಥವಾ ಕಲ್ಲು ಇದ್ದರೆ ಮೊದಲ ಸಲವೇ ಯೋಚಿಸುತ್ತಾರೆ. ಆಗ ಗುರಿ 6ಕ್ಕಿಂತ ಕೆಳಗೆ.

ಹೃದಯದ ಕಾಯಿಲೆ ಇರುವವರಿಗೆ ಯಾವ ಮಾತ್ರೆ? ಸಾಮಾನ್ಯವಾಗಿ ಮೊದಲ ಆಯ್ಕೆ ಅಲೋಪ್ಯೂರಿನಾಲ್, 100 ಮಿಲಿಗ್ರಾಂ ಅಥವಾ ಅದಕ್ಕೂ ಕಡಿಮೆಯಿಂದ ಶುರು ಮಾಡಿ ನಿಧಾನಕ್ಕೆ ಏರಿಸುವುದು. ಫೆಬುಕ್ಸೊಸ್ಟಾಟ್ ಬಗ್ಗೆ ಒಂದು ಚರ್ಚೆ ಇದೆ. ಗೌಟ್ ಮತ್ತು ಹೃದಯದ ಕಾಯಿಲೆ ಎರಡೂ ಇರುವ 6,190 ಜನರ ಮೇಲೆ ನಡೆದ ಕೇರ್ಸ್ ಪ್ರಯೋಗದಲ್ಲಿ ಹೃದಯ ಸಂಬಂಧಿ ಸಾವು ಫೆಬುಕ್ಸೊಸ್ಟಾಟ್ ಗುಂಪಿನಲ್ಲಿ ನೂರಕ್ಕೆ 4.3, ಅಲೋಪ್ಯೂರಿನಾಲ್ ಗುಂಪಿನಲ್ಲಿ 3.2. ಇದು ಬಂದಿದ್ದು 2018ರಲ್ಲಿ. ಮರುವರ್ಷ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಫೆಬುಕ್ಸೊಸ್ಟಾಟ್‌ನ ಮಾಹಿತಿ ಪತ್ರದಲ್ಲಿ ಕಟ್ಟುನಿಟ್ಟಿನ ಎಚ್ಚರಿಕೆ ಹಾಕಿಸಿತು. 2020ರಲ್ಲಿ ಯುರೋಪಿನ ಫಾಸ್ಟ್ ಪ್ರಯೋಗ ಅಂಥ ಅಪಾಯ ಕಾಣಲಿಲ್ಲ ಅಂದಿತು. ನನ್ನ ಅಭಿಪ್ರಾಯ ಸರಳ: ಸ್ಟೆಂಟ್, ಬೈಪಾಸ್ ಆದವರು ಫೆಬುಕ್ಸೊಸ್ಟಾಟ್ ಬರೆದಾಗ ‘ನನಗೆ ಹೃದಯದ ಕಾಯಿಲೆ ಇದೆ, ಅಲೋಪ್ಯೂರಿನಾಲ್ ಆಗುವುದಿಲ್ಲವೇ?’ ಅಂತ ಒಂದು ಮಾತು ಕೇಳಲೇಬೇಕು.

ಅಲೋಪ್ಯೂರಿನಾಲ್‌ಗೂ ಅದರದ್ದೇ ಅಪಾಯ ಇದೆ. ಶುರು ಮಾಡಿದ ಮೊದಲ ಎರಡು ಮೂರು ತಿಂಗಳಲ್ಲಿ ಮೈಮೇಲೆ ದದ್ದು, ಜ್ವರ, ಬಾಯಿಹುಣ್ಣು ಬಂದರೆ ಆ ಕ್ಷಣವೇ ಮಾತ್ರೆ ನಿಲ್ಲಿಸಿ ಆಸ್ಪತ್ರೆಗೆ ಹೋಗಿ. ನೀವಾಗಿ ಮಾತ್ರೆ ನಿಲ್ಲಿಸಬೇಡಿ ಅಂದ ನನ್ನ ಮಾತಿಗೆ ಇದೊಂದೇ ವಿನಾಯಿತಿ. ಅಪರೂಪ, ಆದರೆ ಜೀವಕ್ಕೆ ಎರವಾಗುವ ಅಲರ್ಜಿ ಇದು. ರೋಗನಿರೋಧಕ ಶಕ್ತಿ ತಗ್ಗಿಸಲು ಕೊಡುವ ಅಜಥಯೋಪ್ರಿನ್ ತೆಗೆದುಕೊಳ್ಳುವವರಿಗೆ ಅಲೋಪ್ಯೂರಿನಾಲ್, ಫೆಬುಕ್ಸೊಸ್ಟಾಟ್ ಎರಡೂ ಆಗಿಬರುವುದಿಲ್ಲ, ಅದನ್ನು ಡಾಕ್ಟರಿಗೆ ಮೊದಲೇ ಹೇಳಿ.

ಹಂತ 5: ಹೃದಯ ರೋಗಿಗೆ ಗೌಟ್ ಬಂದ ರಾತ್ರಿ

ಗೌಟ್ ಬರುವುದು ಬಹಳ ಸಲ ನಡುರಾತ್ರಿ. ಹೊದಿಕೆ ತಾಗಿದರೂ ತಡೆಯಲಾಗದ ನೋವು. ಬೆಳಗಾದ ಕೂಡಲೇ ಮನೆಯವರು ಮೆಡಿಕಲ್ ಶಾಪ್‌ಗೆ ಓಡಿ ಡೈಕ್ಲೋಫೆನಾಕ್ ಅಥವಾ ಎಟೊರಿಕಾಕ್ಸಿಬ್ ತರುತ್ತಾರೆ. ಹಾರ್ಟ್ ಅಟ್ಯಾಕ್ ಆದವರಿಗೆ, ಸ್ಟೆಂಟ್ ಇರುವವರಿಗೆ, ಹಾರ್ಟ್ ಫೇಲ್ಯೂರ್ ಇರುವವರಿಗೆ ಇವೆರಡೂ ಬೇಡವೇ ಬೇಡ. ಇವು ಹಾರ್ಟ್ ಅಟ್ಯಾಕ್ ಅಪಾಯ ಏರಿಸುತ್ತವೆ, ಮೈಯಲ್ಲಿ ನೀರು ನಿಲ್ಲಿಸುತ್ತವೆ, ಕಿಡ್ನಿಯನ್ನೂ ಕೆಡಿಸುತ್ತವೆ. ಯೂರಿಕ್ ಆ್ಯಸಿಡ್‌ನಿಂದ ಹೃದಯಕ್ಕೆ ಆಗುವ ಹಾನಿಯ ಬಗ್ಗೆ ಇಷ್ಟೆಲ್ಲ ಮಾತಾಡುತ್ತೇವೆ, ನೋವಿನ ಮಾತ್ರೆಯಿಂದ ಆಗುವ ಹಾನಿಯ ಬಗ್ಗೆ ಯಾರೂ ಮಾತಾಡುವುದಿಲ್ಲ.

ಬದಲಿಗೆ ಐಸನ್ನು ಬಟ್ಟೆಯಲ್ಲಿ ಸುತ್ತಿ ಇಡಿ, ಕಾಲು ಎತ್ತರದಲ್ಲಿರಲಿ, ಡಾಕ್ಟರಿಗೆ ಫೋನ್ ಮಾಡಿ. ಅವರು ಕಡಿಮೆ ಡೋಸಿನ ಕೊಲ್ಚಿಸಿನ್ ಅಥವಾ ಕೆಲವೇ ದಿನದ ಸ್ಟೀರಾಯ್ಡ್ ಕೊಡಬಹುದು. ಕೊಲ್ಚಿಸಿನ್ ತೆಗೆದುಕೊಳ್ಳುವಾಗ ಕ್ಲಾರಿಥ್ರೋಮೈಸಿನ್ ಅನ್ನುವ ಆ್ಯಂಟಿಬಯೋಟಿಕ್ ಜೊತೆಗಿರಬಾರದು. ಸ್ಟಾಟಿನ್ ಇರುವವರು ಮೈಕೈ ನೋವು, ಸ್ನಾಯು ಸೋಲುವುದು ಕಂಡರೆ ತಿಳಿಸಬೇಕು. ಕಿಡ್ನಿ ಸರಿಯಿಲ್ಲದಿದ್ದರೆ ಡೋಸ್ ಇನ್ನೂ ಕಡಿಮೆ.

ಕೊಲ್ಚಿಸಿನ್ ಯೂರಿಕ್ ಆ್ಯಸಿಡ್ ಇಳಿಸುವುದಿಲ್ಲ, ಊತ ಇಳಿಸುತ್ತದೆ. ಹಾಗಿದ್ದೂ ದಿನಕ್ಕೆ 0.5 ಮಿಲಿಗ್ರಾಂ ಕೊಲ್ಚಿಸಿನ್ ಹೃದಯ ರೋಗಿಗಳಲ್ಲಿ ಹಾರ್ಟ್ ಅಟ್ಯಾಕ್‌ನಂಥ ಅನಾಹುತ ಕಡಿಮೆ ಮಾಡಿದ್ದು 2019 ಮತ್ತು 2020ರ ಎರಡು ದೊಡ್ಡ ಪ್ರಯೋಗಗಳಲ್ಲಿ ಕಂಡಿತು. 2024ರಲ್ಲಿ ಹೊರಬಂದ ಇನ್ನೊಂದು ಪ್ರಯೋಗದಲ್ಲಿ ಲಾಭ ಕಾಣಲಿಲ್ಲ. ಹೃದಯವನ್ನು ಕಾಡುವುದು ಯೂರಿಕ್ ಆ್ಯಸಿಡ್‌ನ ಸಂಖ್ಯೆಗಿಂತ ಗೌಟ್‌ನ ಉರಿಯೂತವೇ ಇರಬಹುದು ಅನ್ನುವ ಅನುಮಾನಕ್ಕೆ ಮೊದಲಿನ ಎರಡು ಪ್ರಯೋಗಗಳು ಬಲ ಕೊಡುತ್ತವೆ. ಬ್ರಿಟನ್‌ನ ದಾಖಲೆಗಳನ್ನು ನೋಡಿದ 2022ರ ಅಧ್ಯಯನವೊಂದರಲ್ಲಿ ಗೌಟ್ ಬಂದ ಮೊದಲ 60 ದಿನಗಳಲ್ಲಿ ಹಾರ್ಟ್ ಅಟ್ಯಾಕ್, ಸ್ಟ್ರೋಕ್‌ನ ಸಾಧ್ಯತೆ ಹೆಚ್ಚು ಕಡಿಮೆ ಎರಡು ಪಟ್ಟಾಗಿತ್ತು. ಹಾಗಾಗಿ ಗೌಟ್ ಬಂದು ಹೋದ ಎರಡು ತಿಂಗಳು ಬಿಪಿ, ಹೃದಯದ ಮಾತ್ರೆ ಒಂದು ದಿನವೂ ತಪ್ಪಬಾರದು. ಆ ಸಮಯದಲ್ಲಿ ಎದೆ ಹಿಡಿದ ಹಾಗಾದರೆ, ಬೆವರಿದರೆ, ನೋವು ಎಡಗೈಗೋ ದವಡೆಗೋ ಹರಿದರೆ ಗ್ಯಾಸ್ ಅಂತ ಕೂರದೆ ಹತ್ತಿರದ ಆಸ್ಪತ್ರೆಯಲ್ಲಿ ಇಸಿಜಿ ಮಾಡಿಸಿ.

ಹಂತ 6: ತಟ್ಟೆಯಲ್ಲಿ ಏನಿರಬೇಕು

ಮೊದಲು ಬೇಳೆಗೆ ನ್ಯಾಯ ಕೊಡೋಣ. ಅಮೆರಿಕದಲ್ಲಿ ಸುಮಾರು 47,000 ಗಂಡಸರನ್ನು 12 ವರ್ಷ ಗಮನಿಸಿದ ಅಧ್ಯಯನ 2004ರಲ್ಲಿ ಬಂತು. ಮಾಂಸ, ಮೀನು ಜಾಸ್ತಿ ತಿಂದವರಿಗೆ ಗೌಟ್ ಜಾಸ್ತಿ ಬಂತು. ಪ್ಯೂರಿನ್ ಇರುವ ತರಕಾರಿ, ಕಾಳು ತಿಂದವರಿಗೆ ಜಾಸ್ತಿ ಬರಲಿಲ್ಲ. ಕಡಿಮೆ ಕೊಬ್ಬಿನ ಹಾಲು ಮೊಸರು ತಿಂದವರಿಗೆ ಕಡಿಮೆ ಬಂತು. ಅಂದರೆ ತೊಗರಿಬೇಳೆ ಸಾರು, ಹುರುಳಿ ಸಾರು, ಬಸ್ಸಾರು, ಪಾಲಕ್, ಅಣಬೆ ಬಿಡುವ ಅಗತ್ಯ ಇಲ್ಲ. ಬೇಳೆ ಬಿಟ್ಟವರು ಆ ಜಾಗಕ್ಕೆ ಅನ್ನ ಜಾಸ್ತಿ ಹಾಕಿಕೊಳ್ಳುತ್ತಾರೆ, ಟ್ರೈಗ್ಲಿಸರೈಡ್ ಏರುತ್ತದೆ. ಹುಣಸೆ, ನಿಂಬೆ ಹುಳಿ ಇರುವುದರಿಂದ ‘ಆ್ಯಸಿಡ್’ ಏರುತ್ತದೆ ಅನ್ನುವುದೂ ಸುಳ್ಳು. ಆ ಹುಳಿಗೂ ಯೂರಿಕ್ ಆ್ಯಸಿಡ್‌ಗೂ ಸಂಬಂಧ ಇಲ್ಲ.

ಕಡಿಮೆ ಮಾಡಬೇಕಾದ್ದು ಲಿವರ್ ಫ್ರೈ, ಬೋಟಿ, ಮಿದುಳು, ಕಾಲು ಸೂಪ್, ಕುರಿ ಮಾಂಸ. ಕರಾವಳಿಯವರಿಗೆ ಇಕ್ಕಟ್ಟಿನ ಪ್ರಶ್ನೆ ಬೂತಾಯಿ ಮತ್ತು ಬಂಗಡೆಯದು. ಎರಡರಲ್ಲೂ ಪ್ಯೂರಿನ್ ಜಾಸ್ತಿ, ಎರಡರಲ್ಲೂ ಹೃದಯಕ್ಕೆ ಒಳ್ಳೆಯ ಒಮೆಗಾ-3 ಕೊಬ್ಬೂ ಜಾಸ್ತಿ. ಗೌಟ್ ಇಲ್ಲದವರು ವಾರಕ್ಕೆ ಎರಡು ಸಲ ಸಾರು ಮಾಡಿ ತಿನ್ನಲಿ, ಎಣ್ಣೆಯಲ್ಲಿ ಮುಳುಗಿಸಿ ಕರಿಯುವುದು ಬೇಡ. ಗೌಟ್ ಪದೇ ಪದೇ ಬರುವವರು ಹಿಡಿತಕ್ಕೆ ಬರುವವರೆಗೆ ತಡೆದರೆ ಒಳ್ಳೆಯದು.

ಬಹಳ ಜನ ಮರೆಯುವುದು ಸಕ್ಕರೆಯನ್ನು. ಸಕ್ಕರೆಯ ಅರ್ಧ ಭಾಗ ಫ್ರಕ್ಟೋಸ್. ಅದನ್ನು ಲಿವರ್ ಒಡೆಯುವಾಗ ನೇರವಾಗಿ ಯೂರಿಕ್ ಆ್ಯಸಿಡ್ ಹುಟ್ಟುತ್ತದೆ. ಕೂಲ್‌ಡ್ರಿಂಕ್, ಪ್ಯಾಕೆಟ್ ಜ್ಯೂಸ್, ಕಬ್ಬಿನ ಹಾಲು ಎಲ್ಲಕ್ಕೂ ಇದು ಅನ್ವಯ. ಬೆಲ್ಲವೂ ಬಹುಪಾಲು ಸಕ್ಕರೆಯೇ, ‘ಬೆಲ್ಲ ತಾನೇ’ ಅಂತ ಸಮಾಧಾನ ಮಾಡಿಕೊಳ್ಳುವ ಹಾಗಿಲ್ಲ. ಕಾಫಿಪ್ರಿಯರಿಗೆ ಖುಷಿಯ ಸುದ್ದಿ: ಕಾಫಿ ಕುಡಿಯುವವರಲ್ಲಿ ಯೂರಿಕ್ ಆ್ಯಸಿಡ್ ಸ್ವಲ್ಪ ಕಡಿಮೆಯೇ ಕಾಣುತ್ತದೆ. ಫಿಲ್ಟರ್ ಕಾಫಿ ಇರಲಿ, ಎರಡು ಚಮಚ ಸಕ್ಕರೆ ಬೇಡ.

ಕುಡಿಯುವವರಿಗೆ ಬಿಯರ್ ಎಲ್ಲಕ್ಕಿಂತ ಕೆಟ್ಟದ್ದು, ಅದರಲ್ಲಿ ಆಲ್ಕೋಹಾಲ್ ಜೊತೆ ಪ್ಯೂರಿನ್ ಕೂಡ ಇದೆ. ವಿಸ್ಕಿ, ರಮ್‌ಗೂ ರಿಯಾಯಿತಿ ಇಲ್ಲ.

ನೀರು ಚೆನ್ನಾಗಿ ಕುಡಿಯಿರಿ, ಹಾರ್ಟ್ ಫೇಲ್ಯೂರ್ ಇರುವವರನ್ನು ಬಿಟ್ಟು. ಅವರಿಗೆ ದಿನಕ್ಕೆ ಇಷ್ಟೇ ಅಂತ ಡಾಕ್ಟರ್ ಮಿತಿ ಹಾಕಿದ್ದರೆ, ‘ನಾಲ್ಕು ಲೀಟರ್ ಕುಡಿದರೆ ಯೂರಿಕ್ ಆ್ಯಸಿಡ್ ತೊಳೆದು ಹೋಗುತ್ತದೆ’ ಅನ್ನುವ ವಾಟ್ಸ್ಆ್ಯಪ್ ಸಲಹೆ ಅವರನ್ನು ಐಸಿಯುಗೆ ಸೇರಿಸಬಹುದು.

ಊಟ ಬದಲಾಯಿಸಿದರೆ ಎಷ್ಟು ಇಳಿಯುತ್ತದೆ? ಹೆಚ್ಚಿನವರಲ್ಲಿ 1 ಮಿಲಿಗ್ರಾಂನ ಆಸುಪಾಸು. 9.5 ಇರುವವರು ಪಥ್ಯ ಒಂದರಿಂದಲೇ 6ಕ್ಕೆ ಬರುವುದು ಕಷ್ಟ. ತೂಕ ಇಳಿಸುವಾಗಲೂ ತಿಂಗಳಿಗೆ ಎರಡು ಕಿಲೋ ಸಾಕು.

ಹಂತ 7: ಮರುಪರೀಕ್ಷೆ

ಗೌಟ್ ಮಾತ್ರೆ ಶುರು ಮಾಡಿದವರು ಡೋಸ್ ಕೂಡಿಬರುವವರೆಗೆ ಎರಡರಿಂದ ಐದು ವಾರಕ್ಕೊಮ್ಮೆ, ಆಮೇಲೆ ಆರು ತಿಂಗಳಿಗೊಮ್ಮೆ ಯೂರಿಕ್ ಆ್ಯಸಿಡ್ ನೋಡಿಸಬೇಕು. ಮೊದಲ ಕೆಲವು ತಿಂಗಳು ಗೌಟ್ ಇನ್ನೂ ಜಾಸ್ತಿ ಬರಬಹುದು, ಹಳೆಯ ಹರಳು ಕರಗುವಾಗ ಹೀಗಾಗುತ್ತದೆ. ಅದಕ್ಕೆಂದೇ ಮೂರರಿಂದ ಆರು ತಿಂಗಳು ಕಡಿಮೆ ಡೋಸಿನ ಕೊಲ್ಚಿಸಿನ್ ಜೊತೆಗೆ ಕೊಡುತ್ತಾರೆ. ‘ಮಾತ್ರೆ ತೆಗೆದುಕೊಂಡ ಮೇಲೇ ನೋವು ಬಂತು’ ಅಂತ ಅಲ್ಲೇ ನಿಲ್ಲಿಸುವವರೇ ಜಾಸ್ತಿ.

ಗೌಟ್ ಇಲ್ಲದವರಿಗೆ ಯೂರಿಕ್ ಆ್ಯಸಿಡ್ ವರ್ಷಕ್ಕೊಮ್ಮೆ, ಬೇರೆ ಟೆಸ್ಟ್‌ಗಳ ಜೊತೆ ನೋಡಿದರೆ ಧಾರಾಳ ಆಯಿತು. ಮೂರು ತಿಂಗಳ ನಂತರ ಮೊದಲು ಮತ್ತೆ ಅಳೆಯಬೇಕಾದ್ದು ಬಿಪಿ, ಸೊಂಟ, ಎಲ್‌ಡಿಎಲ್, ಎಚ್‌ಬಿಎ1ಸಿ. ಹೃದಯದ ಕಾಯಿಲೆ ಈಗಾಗಲೇ ಇದ್ದರೆ ಎಲ್‌ಡಿಎಲ್ 55ಕ್ಕಿಂತ ಕೆಳಗಿದೆಯೇ, ಇಲ್ಲದಿದ್ದರೆ ಸ್ಟಾಟಿನ್ ಡೋಸ್ ಏರಿಸಬೇಕೇ ಅಂತ ನೇರವಾಗಿ ಕೇಳಿ. ಡಾಕ್ಟರ ಹತ್ತಿರ ಹೋಗುವಾಗ ನೋಟ್‌ಬುಕ್ ಜೊತೆ ಎಲ್ಲ ಮಾತ್ರೆಗಳ ಸ್ಟ್ರಿಪ್‌ಗಳನ್ನೂ ಒಂದು ಕವರಿಗೆ ಹಾಕಿಕೊಂಡು ಹೋಗಿ. ನೋವಿಗೆಂದು ಅಂಗಡಿಯಿಂದ ತಂದದ್ದೂ ಅದರಲ್ಲಿರಲಿ.